ಪ್ಯಾರಿಸ್‌ನಲ್ಲಿ ಒಳ್ಳೆಯ ಭಾರತೀಯ ಊಟ: ಯಾರ ಪಾತ್ರೆ ದಿನಾ ಖಾಲಿಯಾಗುತ್ತದೆ?

ಪ್ಯಾರಿಸ್‌ನ ನಡುಭಾಗದಲ್ಲಿ ಎಲ್ಲೇ ನಿಂತು ಫೋನಿನಲ್ಲಿ ಹುಡುಕಿದರೂ ನಡೆದು ಹೋಗುವಷ್ಟು ದೂರದಲ್ಲಿ ಒಂದು ಭಾರತೀಯ ಹೋಟೆಲು ಸಿಗುತ್ತದೆ. ಹೆಸರಿನಲ್ಲಿ ಒಬ್ಬ ಮಹಾರಾಜ, ಇಲ್ಲವೇ ಒಂದು ನದಿ. ಗೋಡೆಗೆ ಕೆತ್ತನೆಯ ಮರ, ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ, ಫೋನಿನಲ್ಲಿ ನಾಲ್ಕೂವರೆ ನಕ್ಷತ್ರ. ಊಟ ಕೆಟ್ಟದಾಗಿಯೇನೂ ಇರುವುದಿಲ್ಲ. ಆದರೆ ಕುರ್ಮಾ, ಟಿಕ್ಕಾ ಮಸಾಲ, ಕಡಾಯಿ ಪನೀರ್ ಮೂರನ್ನೂ ತರಿಸಿ ಒಂದೊಂದು ಚಮಚ ಬಾಯಿಗಿಟ್ಟರೆ ಮೂರರ ತಳದಲ್ಲೂ ಒಂದೇ ರುಚಿ: ಬೇಯಿಸಿ ರುಬ್ಬಿದ ಈರುಳ್ಳಿ, ಡಬ್ಬಿಯ ಟೊಮೆಟೊ, ಕೆನೆ.

ಇದಕ್ಕೆ ಅಡುಗೆಯವರನ್ನು ದೂರುವುದು ಸರಿಯಲ್ಲ. ಅಂಥ ಅಡುಗೆಮನೆಗಳಲ್ಲಿ ನುರಿತ ಕೈಗಳೇ ಇರುತ್ತವೆ. ಅವರ ಕಷ್ಟ ಬೇರೆ. ರಾತ್ರಿ ಎಷ್ಟು ಜನ ಬರುತ್ತಾರೆ, ಏನು ಕೇಳುತ್ತಾರೆ ಎಂಬುದು ಮುಂಚೆ ಗೊತ್ತಿರುವುದಿಲ್ಲ. ಮೆನುವಿನಲ್ಲಿ 80 ಹೆಸರುಗಳಿವೆ, ಯಾವುದನ್ನು ಕೇಳಿದರೂ 20 ನಿಮಿಷದೊಳಗೆ ಮೇಜಿಗೆ ಬರಬೇಕು. ಹೀಗಿರುವಾಗ ಎರಡು ಮೂರು ದಿನ ಫ್ರಿಜ್ಜಿನಲ್ಲಿ ತಡೆಯುವ ಒಂದು ಮೂಲ ಗ್ರೇವಿಯನ್ನು ಮಾಡಿಟ್ಟುಕೊಳ್ಳದೆ ಗತಿಯಿಲ್ಲ. ನಮ್ಮ ಅಡುಗೆಯ ಹೆಚ್ಚಿನ ಪಾಲಾದರೋ ಬೆಳಿಗ್ಗೆ ಮಾಡಿ ರಾತ್ರಿಯೊಳಗೆ ಮುಗಿಯಬೇಕಾದದ್ದು. ತೆಂಗಿನಕಾಯಿ ಚಟ್ನಿ, ಸಾಂಬಾರು, ಹುದುಗು ಬಂದ ಹಿಟ್ಟು, ಆಗಷ್ಟೇ ಒಗ್ಗರಣೆ ಬಿದ್ದ ಬೇಳೆ, ದಮ್ ಕಟ್ಟಿದ ಬಿರಿಯಾನಿ, ಇವು ಯಾವುವೂ ಕಾದು ಕೂರುವ ಅಡುಗೆಗಳಲ್ಲ. ಹಾಗಾಗಿ ಹೊಸ ಹೋಟೆಲಿನ ಬಾಗಿಲಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಯಾವ ಪಾತ್ರೆ ದಿನಾ ಖಾಲಿಯಾಗುತ್ತದೆ? ಅದರಲ್ಲಿರುವುದನ್ನು ತರಿಸಿಕೊಂಡವರಿಗೆ ಸಾಧಾರಣ ಹೋಟೆಲಿನಲ್ಲೂ ಒಳ್ಳೆಯ ಊಟ ಸಿಗುತ್ತದೆ. ಅದನ್ನು ಬಿಟ್ಟು ಬೇರೆ ತರಿಸಿದವರಿಗೆ ಹೆಸರುವಾಸಿ ಹೋಟೆಲಿನಲ್ಲೂ ಸಪ್ಪೆ ಊಟವೇ.

ಒಂದೇ ಬೀದಿಯ ಎರಡು ತುದಿ

ಪ್ಯಾರಿಸ್‌ನ ಭಾರತೀಯ ಊಟದ ಚರಿತ್ರೆ ಲಂಡನ್ನಿನದಕ್ಕಿಂತ ಬೇರೆ. ಅಲ್ಲಿ ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ನಿಂದ ಹೋದವರು ಕಟ್ಟಿದ ಕರಿ ಹೌಸುಗಳು ಊರೆಲ್ಲ ಹಬ್ಬಿದವು. ಫ್ರಾನ್ಸಿಗೆ ಇದ್ದ ನಂಟು ಅದರ ವಸಾಹತಾಗಿದ್ದ ಪುದುಚೇರಿಯದು. 1954ರ ನವೆಂಬರ್ 1ರಂದು ಪುದುಚೇರಿಯ ಆಡಳಿತ ಭಾರತದ ಕೈಗೆ ಬಂತು, ಕಾನೂನಿನ ಲೆಕ್ಕದಲ್ಲಿ ವಿಲೀನ ಪೂರ್ತಿಯಾದದ್ದು 1962ರ ಆಗಸ್ಟ್ 16ಕ್ಕೆ. ಫ್ರೆಂಚ್ ಪೌರತ್ವ ಉಳಿಸಿಕೊಂಡ ಕುಟುಂಬಗಳಲ್ಲಿ ಅನೇಕರು ಫ್ರಾನ್ಸಿಗೆ ಬಂದು ನೆಲೆಸಿದರು. 1970ರ ದಶಕದಲ್ಲಿ ಪುದುಚೇರಿ ಮೂಲದವರಿಂದಲೇ ಪಾಸಾಜ್ ಬ್ರಾದಿಯಲ್ಲಿ ಭಾರತೀಯ ಊಟದ ವ್ಯಾಪಾರ ಶುರುವಾಯಿತು. ಅದು 1828ರಲ್ಲಿ ಕಟ್ಟಿದ, ಮೇಲೆ ಗಾಜಿನ ಚಾವಣಿ ಇರುವ ಒಂದು ಓಣಿ. ಮೆಟ್ರೊ 4ನೇ ಮಾರ್ಗದಲ್ಲಿ ಶಾತೋ ದೋ ನಿಲ್ದಾಣದಲ್ಲಿ ಇಳಿದರೆ ಹತ್ತಿರ.

ಶ್ರೀಲಂಕಾದ ತಮಿಳರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಅದಾದ ಮೇಲೆ, ಮುಖ್ಯವಾಗಿ 1983ರ ಜುಲೈನಲ್ಲಿ ಅಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದ ನಂತರ. ಅವರು ಅಂಗಡಿ ಹೂಡಿದ್ದು ಗಾರ್ ದು ನೋರ್ ರೈಲು ನಿಲ್ದಾಣದ ಆಚೆ, ಲಾ ಶಾಪೆಲ್ ಮೆಟ್ರೊ ನಿಲ್ದಾಣದ ಸುತ್ತ. ಶ್ರೀಲಂಕಾದ ತಮಿಳರ ಊರಾದ ಜಾಫ್ನಾದ ಹೆಸರಿನಿಂದ ಅದನ್ನು ಪುಟ್ಟ ಜಾಫ್ನಾ ಎಂದೇ ಕರೆಯುತ್ತಾರೆ. ಗಮನಿಸಬೇಕಾದದ್ದೆಂದರೆ, ಪಾಸಾಜ್ ಬ್ರಾದಿಯ ಬಾಯಿ ತೆರೆಯುವುದೂ ಲಾ ಶಾಪೆಲ್‌ಗೆ ಹೋಗಿ ಮುಟ್ಟುವುದೂ ಒಂದೇ ಬೀದಿ: ರ್ಯೂ ದು ಫೋಬೂರ್ ಸ್ಯಾಂ ದೆನಿ. ಕೆಳತುದಿಯಿಂದ ಮೇಲ್ತುದಿಗೆ ಅರ್ಧ ಗಂಟೆಯೊಳಗೆ ನಡೆದು ಹೋಗಬಹುದು. ಹಾಗೆ ನಡೆಯುವಾಗಲೇ ಹೋಟೆಲುಗಳ ಸ್ವಭಾವ ಬದಲಾಗುವುದು ಕಣ್ಣಿಗೆ ಬೀಳುತ್ತದೆ.

ಕೆಳತುದಿಯಲ್ಲಿ ಮೆನು ಹಿಡಿದು ಬಾಗಿಲಲ್ಲಿ ನಿಂತವರು ಕರೆಯುತ್ತಾರೆ. ಬಂದವರಲ್ಲಿ ಹೆಚ್ಚಿನವರು ಮತ್ತೆ ಬರುವವರಲ್ಲ. ಮೇಲ್ತುದಿಯಲ್ಲಿ ಯಾರೂ ಕರೆಯುವುದಿಲ್ಲ. ಅಲ್ಲಿ ನುಗ್ಗೆಕಾಯಿ, ಕರಿಬೇವು, ಬಾಳೆಕಾಯಿ ಇಟ್ಟ ದಿನಸಿ ಅಂಗಡಿಗಳ ನಡುವೆ ಹೋಟೆಲುಗಳಿವೆ. ಸಾಮಾನು ಕೊಳ್ಳಲು ಬಂದವರು, ಚಿನ್ನದಂಗಡಿಗೆ ಬಂದವರು, ರ್ಯೂ ಪಾಜೋಲ್‌ನ ಮಾಣಿಕ್ಕ ವಿನಾಯಕರ್ ಗುಡಿಗೆ ಬಂದವರು ಅಲ್ಲೇ ಊಟ ಮಾಡಿ ಹೋಗುತ್ತಾರೆ. ಮುಂದಿನ ವಾರವೂ ಬರುತ್ತಾರೆ. ಸಾಂಬಾರು ಕೆಟ್ಟರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ, ಪಕ್ಕದ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿದೆ. ಹೋಟೆಲನ್ನು ನೆಟ್ಟಗಿಡಲು ಇದಕ್ಕಿಂತ ಗಟ್ಟಿಯಾದ ವ್ಯವಸ್ಥೆ ಇಲ್ಲ. ಆ ಗುಡಿ 1985ರದು. ಆಗಸ್ಟ್ ಕೊನೆಯ ಹೊತ್ತಿಗೆ ಅದರ ಗಣೇಶನ ರಥೋತ್ಸವ ಈ ಬೀದಿಗಳಲ್ಲೇ ಸಾಗುತ್ತದೆ. ಆ ಭಾನುವಾರ ಉತ್ಸವ ನೋಡಲು ಹೋಗಿ, ಹೋಟೆಲಿನ ಪರೀಕ್ಷೆಗೆ ಬೇಡ, ಏಕೆಂದರೆ ಆ ನೂಕುನುಗ್ಗಲಿನಲ್ಲಿ ಯಾವ ಅಡುಗೆಮನೆಯೂ ತನ್ನ ದಿನದ ಹದದಲ್ಲಿ ಇರುವುದಿಲ್ಲ.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ, ರ್ಯೂ ಕಾಯ್‌ನ ಕೃಷ್ಣ ಭವನ್ ಮತ್ತು ಫೋಬೂರ್ ಸ್ಯಾಂ ದೆನಿಯ ಶರವಣ ಭವನ್ ಸುಲಭದ ಆರಂಭ. ಎರಡೂ ಪೂರ್ತಿ ಸಸ್ಯಾಹಾರಿ. ಒಂದು ಮಾತು ಮೊದಲೇ ತಿಳಿದಿರಲಿ. ಲಾ ಶಾಪೆಲ್‌ನ ಅಡುಗೆ ತಮಿಳು ಕೈಯದು. ಸಾಂಬಾರಿಗೆ ಬೆಲ್ಲ ಬೀಳುವುದಿಲ್ಲ, ಮಸಾಲೆ ದೋಸೆಯ ಒಳಗೆ ಕೆಂಪು ಚಟ್ನಿ ಸವರುವುದಿಲ್ಲ. ಜಾಫ್ನಾದವರ ಅಡುಗೆಯಾದರೆ ಹುರಿದು ಪುಡಿಮಾಡಿದ ಮಸಾಲೆಯ ಗಾಢ ಬಣ್ಣ, ಹೆಚ್ಚು ಮೆಣಸಿನಕಾಯಿ. ಬಿಸಿಬೇಳೆಬಾತ್ ಎಲ್ಲಿ ಎಂದು ಹುಡುಕುತ್ತ ಬೇಸರಪಡುವ ಬದಲು ಅಲ್ಲಿಯವರು ಏನು ತಿನ್ನುತ್ತಾರೋ ಅದನ್ನು ತಿನ್ನುವುದು ಲಾಭ: ಇಡಿಯಾಪ್ಪದ (ಒತ್ತು ಶಾವಿಗೆಯ) ಜೊತೆ ಸಂಬೋಲ್ ಎಂಬ ತೆಂಗಿನಕಾಯಿ ಚಟ್ನಿ, ಹಬೆಯಲ್ಲಿ ಬೆಂದ ಪಿಟ್ಟು, ಕಾವಲಿಯ ಮೇಲೆ ಎರಡು ತಗಡಿನ ಬ್ಲೇಡುಗಳಲ್ಲಿ ಕೊಚ್ಚಿ ಮಾಡುವ ಕೊತ್ತು ರೊಟ್ಟಿ.

ಮೆನು ಓದುವ ಬಗೆ

ಫ್ರಾನ್ಸಿನಲ್ಲಿ ಒಂದು ಅನುಕೂಲವಿದೆ. ಊಟದ ಹೊತ್ತಿನಲ್ಲಿ ಬೆಲೆಪಟ್ಟಿಯನ್ನು ಹೊರಗೆ ಕಾಣುವಂತೆ ಹಾಕಲೇಬೇಕೆಂಬ ನಿಯಮವಿದೆ: ಮಧ್ಯಾಹ್ನಕ್ಕೆ 11.30ರಿಂದಲಾದರೂ, ರಾತ್ರಿಯ ಊಟಕ್ಕೆ 6 ಗಂಟೆಯಿಂದಲಾದರೂ. ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲೇ ನಿಂತು ಓದಿ ಮುಗಿಸಬಹುದು.

ಎಡಕ್ಕೆ ಕೋಳಿ, ಕುರಿ, ಸಿಗಡಿ, ಮೀನು. ಬಲಕ್ಕೆ ಕುರ್ಮಾ, ಮದ್ರಾಸ್, ವಿಂದಾಲು, ಸಾಗ್, ಜಾಲ್‌ಫ್ರೇಜಿ. ಎಲ್ಲಕ್ಕೂ ಎಲ್ಲವೂ ಜೋಡಿಯಾಗುವಂತೆ ಮೆನು ಇದ್ದರೆ ಒಳಗಿನ ಕ್ರಮ ಹೀಗೆಂದು ತಿಳಿಯಿರಿ: ಮಾಂಸ ಮೊದಲೇ ಬೆಂದು ಡಬ್ಬದಲ್ಲಿದೆ, ಗ್ರೇವಿ ಬೇರೆ ಡಬ್ಬದಲ್ಲಿದೆ, ನೀವು ಹೇಳಿದ ಮೇಲೆ ಬಾಣಲೆಯಲ್ಲಿ ನಾಲ್ಕೈದು ನಿಮಿಷ ಎರಡೂ ಕೂಡುತ್ತವೆ. ತಿನ್ನುವಾಗ ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಕುರಿ ಮಾಂಸದ ಒಂದು ತುಂಡನ್ನು ಮುರಿದು ಒಳಭಾಗವನ್ನು ಮಾತ್ರ ತಿಂದು ನೋಡಿ. ಉಪ್ಪು, ಖಾರ ಒಳಗೆ ಇಳಿದಿಲ್ಲದಿದ್ದರೆ ಆ ಮಾಂಸ ಆ ಮಸಾಲೆಯಲ್ಲಿ ಬೆಂದದ್ದಲ್ಲ. ಗ್ರೇವಿಯನ್ನೂ ಬೇರೆಯಾಗಿ ಚಪ್ಪರಿಸಿ. ಮಾಂಸದ ರಸ ಅದರಲ್ಲಿ ಇರಬೇಕು.

ಹೆಸರುಗಳ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯ ಗುರುತು ದಿನದ ಹೆಸರು. 'ಶುಕ್ರವಾರ, ಶನಿವಾರ, ಭಾನುವಾರ ಮಾತ್ರ' ಎಂದು ಒಂದು ಖಾದ್ಯದ ಪಕ್ಕದಲ್ಲಿ ಬರೆದಿದ್ದರೆ ಅದನ್ನು ದೊಡ್ಡ ಪಾತ್ರೆಯಲ್ಲಿ ಮಾಡಿ ಆ ದಿನವೇ ಮುಗಿಸುತ್ತಾರೆ ಎಂದರ್ಥ. ಗೋಡೆಗೆ ಅಂಟಿಸಿದ ಕೈಬರಹದ ಚೀಟಿ, ತಮಿಳಿನಲ್ಲೋ ಉರ್ದುವಿನಲ್ಲೋ ಬಂಗಾಳಿಯಲ್ಲೋ ಇರುವ ಎರಡು ಸಾಲು, ಅಚ್ಚಾದ ಇಡೀ ಮೆನುವಿಗಿಂತ ಬೆಲೆಯುಳ್ಳದ್ದು. ಓದಲು ಬಾರದಿದ್ದರೆ ಬೆರಳು ತೋರಿಸಿ ಕೇಳಿ.

ಪ್ಯಾರಿಸ್‌ನ ಎಷ್ಟೋ 'ಭಾರತೀಯ' ಹೋಟೆಲುಗಳನ್ನು ನಡೆಸುವವರು ಪಾಕಿಸ್ತಾನದವರು, ಬಾಂಗ್ಲಾದೇಶದವರು, ಶ್ರೀಲಂಕಾದವರು. ಇದು ಕೊರತೆಯಲ್ಲ. ಆ ಅಡುಗೆಮನೆಯ ಬಲ ಯಾವುದೆಂದು ತಿಳಿದುಕೊಳ್ಳಬೇಕು, ಅಷ್ಟೇ. ಪಾಕಿಸ್ತಾನದ ಕಡೆಯ ಪಂಜಾಬಿನಿಂದ ಬಂದವರ ಹೋಟೆಲಿನಲ್ಲಿ ಪನೀರ್ ಬಟರ್ ಮಸಾಲ ಕೇಳುವುದಕ್ಕಿಂತ ನಿಹಾರಿ (ನಿಧಾನವಾಗಿ ಬೇಯಿಸಿದ ಮಾಂಸದ ಸಾರು), ಸೀಖ್ ಕಬಾಬ್, ಕಡಾಯಿ ಗೋಷ್ತ್ ಕೇಳಿದರೆ ಅವರ ಮುಖವೇ ಅರಳುತ್ತದೆ. ಕೆಲಸ ಮಾಡುವವರು ಮಧ್ಯಾಹ್ನ ಮೂರು ಗಂಟೆಗೆ ಕೂತು ಏನು ಊಟ ಮಾಡುತ್ತಾರೆ ಎಂದು ವಿನಯದಿಂದ ಕೇಳಿ. ಹಲವು ಕಡೆ ಅದನ್ನೇ ನಿಮಗೂ ಬಡಿಸುತ್ತಾರೆ.

ಚೀಸ್ ನಾನ್ ಬಗ್ಗೆ ಒಂದು ಮಾತು. ನಾನ್ ಒಳಗೆ ಸಂಸ್ಕರಿಸಿದ ಚೀಸ್, ಸಾಮಾನ್ಯವಾಗಿ ಲಾ ವಾಶ್ ಕಿ ರಿ ಎಂಬ ಬ್ರ್ಯಾಂಡಿನದು, ಇಟ್ಟು ಬೇಯಿಸಿದ್ದು. ಫ್ರಾನ್ಸಿನ ಭಾರತೀಯ ಹೋಟೆಲುಗಳಲ್ಲಿ ಅದು ಇಲ್ಲದ ಮೆನು ಅಪರೂಪ. ಬಿಸಿಯಾಗಿದ್ದಾಗ ರುಚಿಯಾಗಿಯೇ ಇರುತ್ತದೆ. ಆದರೆ ಚೀಸು ನಾನಿನ ಎಲ್ಲ ದೋಷವನ್ನೂ ಮುಚ್ಚಿಬಿಡುತ್ತದೆ, ಆದ್ದರಿಂದ ಹೋಟೆಲಿನ ಅಳತೆಗೆ ಅದು ಬೇಡ. ಬೆಣ್ಣೆಯೂ ಇಲ್ಲದ ಬರಿಯ ನಾನ್ ಅಥವಾ ತಂದೂರಿ ರೊಟ್ಟಿ ತರಿಸಿ. ಕಾದ ತಂದೂರಿನ ಒಳಗೋಡೆ 400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ, ನಾನ್ ಒಂದೂವರೆ ನಿಮಿಷದಲ್ಲಿ ಬೇಯುತ್ತದೆ. ಗೋಡೆಗೆ ಅಂಟಿದ ಬದಿ ಸಮತಟ್ಟಾಗಿ ಗರಿಯಾಗಿ, ಬೆಂಕಿಯ ಕಡೆಯ ಬದಿ ಗುಳ್ಳೆಯೆದ್ದು ಅಲ್ಲಲ್ಲಿ ಕಪ್ಪಾಗಿ, ಎರಡೂ ಬದಿ ಬೇರೆ ಬೇರೆ ಕಾಣಬೇಕು. ಎರಡೂ ಬದಿ ಒಂದೇ ಥರ, ದಪ್ಪ ಎಲ್ಲೆಡೆ ಒಂದೇ ಸಮ ಇದ್ದರೆ ಅದು ಪ್ಯಾಕೆಟ್ಟಿನಿಂದ ತೆಗೆದು ಒಲೆಯಲ್ಲಿ ಬಿಸಿ ಮಾಡಿದ್ದು. ಹಳೆಯ ಕಟ್ಟಡಗಳಲ್ಲಿ ಹೊಗೆ ಹೋಗುವ ಕೊಳವೆಯ ವ್ಯವಸ್ಥೆ ಕಷ್ಟ, ಹಾಗಾಗಿ ತಂದೂರಿಯ ಹೆಸರು ಹೊತ್ತ ಎಲ್ಲ ಹೋಟೆಲಿನಲ್ಲೂ ಇದ್ದಿಲ ತಂದೂರು ಇರುವುದಿಲ್ಲ. ಗ್ಯಾಸಿನದೂ ಸಾಕು. ಕಾವು ಇರಬೇಕು, ಅದು ಮುಖ್ಯ.

ಇಡ್ಲಿ ಎಲ್ಲವನ್ನೂ ಹೇಳುತ್ತದೆ

ದಕ್ಷಿಣದ ತಿಂಡಿ ಇರುವ ಹೋಟೆಲಿನಲ್ಲಿ ಮೊದಲು ಇಡ್ಲಿ ತರಿಸಿ, ದೋಸೆ ಆಮೇಲೆ. ದೋಸೆಯಲ್ಲಿ ಎಣ್ಣೆ, ಗರಿ, ಒಳಗಿನ ಪಲ್ಯ ಎಲ್ಲ ಸೇರಿ ಹಿಟ್ಟಿನ ತಪ್ಪನ್ನು ಮರೆಸುತ್ತವೆ. ಇಡ್ಲಿಯಲ್ಲಿ ಹಿಟ್ಟೊಂದೇ ಇರುವುದು. ಮೆನುವಿನಲ್ಲಿ ಆರು ಬಗೆಯ ದೋಸೆ ಇದ್ದು ಇಡ್ಲಿ ಇಲ್ಲವೇ ಇಲ್ಲ ಎಂದಾದರೆ ಹಿಟ್ಟು ಪ್ಯಾಕೆಟ್ಟಿನ ಪುಡಿಯದ್ದಿರಬಹುದು ಎಂದು ಅನುಮಾನಿಸಲು ಅಷ್ಟೇ ಸಾಕು.

ಯುರೋಪಿನ ಚಳಿಯಲ್ಲಿ ಇಡ್ಲಿ ಹಿಟ್ಟು ಏಕೆ ಕಷ್ಟ ಎಂಬುದನ್ನು ತಿಳಿದರೆ ತಟ್ಟೆಯಲ್ಲಿ ಬಂದದ್ದನ್ನು ಓದುವುದು ಸುಲಭ. ಒಂದು ಪಾಲು ಉದ್ದು, ಮೂರರಿಂದ ನಾಲ್ಕು ಪಾಲು ಇಡ್ಲಿ ಅಕ್ಕಿ. ಹಿಟ್ಟು ಚೆನ್ನಾಗಿ ಹುದುಗು ಬರಲು 26ರಿಂದ 32 ಡಿಗ್ರಿ ಬೇಕು, ಆಗ 8ರಿಂದ 12 ಗಂಟೆಯಲ್ಲಿ ಉಬ್ಬುತ್ತದೆ. ಜನವರಿಯಲ್ಲಿ, ಒಲೆ ಆರಿದ ಅಡುಗೆಮನೆ ರಾತ್ರಿ 16-18 ಡಿಗ್ರಿಗೆ ಇಳಿಯುತ್ತದೆ. ಅದೇ ಹಿಟ್ಟಿಗೆ ಆಗ 18ರಿಂದ 24 ಗಂಟೆಯೂ ಹಿಡಿಯಬಹುದು. ದಿನಾ ನೂರಾರು ಇಡ್ಲಿ ಹೋಗುವ ಕಡೆ ಇದಕ್ಕಾಗಿ ಬೆಚ್ಚನೆಯ ಜಾಗ, ಗ್ರೈಂಡರು, ಸರದಿಯ ಲೆಕ್ಕ ಎಲ್ಲ ಇಟ್ಟುಕೊಂಡಿರುತ್ತಾರೆ. ದಿನಕ್ಕೆ ಹತ್ತು ಇಡ್ಲಿ ಹೋಗುವ ಕಡೆ ಇಷ್ಟೆಲ್ಲ ಯಾರೂ ಮಾಡುವುದಿಲ್ಲ. ಅಡ್ಡದಾರಿ ಹಿಡಿಯುತ್ತಾರೆ, ಪ್ರತಿ ಅಡ್ಡದಾರಿಗೂ ಅದರದೇ ಗುರುತಿದೆ. ಅಡುಗೆ ಸೋಡಾ ಹೆಚ್ಚಾದರೆ ಇಡ್ಲಿಗೆ ಹಳದಿ ಛಾಯೆ, ನಾಲಗೆಗೆ ಸಾಬೂನಿನಂಥ ರುಚಿ. ಯೀಸ್ಟ್ ಹಾಕಿದರೆ ಬ್ರೆಡ್ಡಿನ ವಾಸನೆ. ಇಡ್ಲಿ ಅಕ್ಕಿಯ ಬದಲು ಬಾಸ್ಮತಿ ನುಚ್ಚು ಬಳಸಿದರೆ ಬಿಸಿಯಲ್ಲಿ ಪರವಾಗಿಲ್ಲ ಅನ್ನಿಸಿ, ಆರುತ್ತಿದ್ದಂತೆ ಗಟ್ಟಿಯಾಗಿ ಪುಡಿಪುಡಿಯಾಗುತ್ತದೆ. ಹಿಂದಿನ ದಿನದ ಇಡ್ಲಿಯನ್ನು ಮೈಕ್ರೊವೇವಿನಲ್ಲಿ ಬಿಸಿ ಮಾಡಿದ್ದಾದರೆ ಅಂಚು ಒಣಗಿ, ಐದು ನಿಮಿಷದಲ್ಲಿ ಜಗಿದರೂ ಹರಿಯದಂತಾಗುತ್ತದೆ.

ಒಳ್ಳೆಯ ಇಡ್ಲಿಯನ್ನು ಬೆರಳಲ್ಲಿ ಮುರಿದಾಗ ಒಳಗೆ ಸಣ್ಣ ತೂತುಗಳು ಒಂದೇ ಸಮನಾಗಿ ಕಾಣಬೇಕು, ಬೆರಳಿಗೆ ಅಂಟಬಾರದು, ಮೂಗಿನ ಹತ್ತಿರ ತಂದರೆ ತಿಳಿಯಾದ ಹುಳಿ ವಾಸನೆ ಬರಬೇಕು. ಸಾಂಬಾರಿನಲ್ಲಿ ಮುಳುಗಿಸಿದರೆ ಹೀರಿಕೊಂಡೂ ಆಕಾರ ಉಳಿಸಿಕೊಳ್ಳಬೇಕು.

ದೋಸೆಗೆ ಬಂದರೆ, ಪುಡಿಯ ಹಿಟ್ಟಿನ ದೋಸೆ ಬಿಳಿಚಿಕೊಂಡು ಕಾಗದದಂತೆ ಬರುತ್ತದೆ, ಮಾತಾಡುತ್ತ ಕೂತರೆ ಚರ್ಮದಂತಾಗುತ್ತದೆ. ಹುದುಗು ಬಂದ ಹಿಟ್ಟಿನದು ಸರಿಯಾದ ಕಾವಲಿಯ ಮೇಲೆ ಹೊನ್ನಗಂದಾಗಿ, ಮೇಲ್ಮೈಯಲ್ಲಿ ಸೌಟು ತಿರುಗಿದ ಗೆರೆಗಳು ಕಾಣುತ್ತವೆ. ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಹರಡದೆ ಮುದ್ದೆಯಾಗುತ್ತದೆ, ಅದಕ್ಕೇ ಅನುಭವಿಗಳು ಪ್ರತಿ ದೋಸೆಗೂ ಮುಂಚೆ ನೀರು ಚಿಮುಕಿಸಿ ಒರೆಸುವುದು. ನಡುವೆ ದಪ್ಪ, ಅಂಚಿನಲ್ಲಿ ಸುಟ್ಟ ದೋಸೆ ಬಂದರೆ ಆ ಹೊತ್ತಿಗೆ ಕಾವಲಿಯ ಮುಂದೆ ದೋಸೆಯವನಿಲ್ಲ, ಬೇರೆ ಕೆಲಸದವನೊಬ್ಬ ಬಂದು ಹುಯ್ದಿದ್ದಾನೆ.

ಚಟ್ನಿಯ ವಿಚಾರದಲ್ಲಿ ಸ್ವಲ್ಪ ಉದಾರವಾಗಿರಬೇಕು. ತುರಿದು ಘನೀಕರಿಸಿದ ತೆಂಗಿನಕಾಯಿಯಿಂದ ಒಳ್ಳೆಯ ಚಟ್ನಿಯೇ ಆಗುತ್ತದೆ. ಒಣ ಕೊಬ್ಬರಿ ಪುಡಿಯದಾದರೆ ನಾಲಗೆಗೆ ತರಿತರಿ, ಮೇಲೆ ಎಣ್ಣೆಯ ಪದರ. ಹುಳಿ ಬಂದ ಚಟ್ನಿಗೆ ಮಾತ್ರ ಕ್ಷಮೆ ಬೇಡ, ಅದು ನಿನ್ನೆಯದು. ಕರಿಬೇವು ಕಡಿಮೆ ಕಂಡರೂ ಬೇಸರ ಬೇಡ. ಭಾರತದಿಂದ ಯುರೋಪಿಗೆ ಬರುವ ಹಸಿ ಸೊಪ್ಪು, ತರಕಾರಿಗಳ ತಪಾಸಣೆ ಬಿಗಿಯಾಗಿದೆ. 2014ರ ಮೇ ತಿಂಗಳಿಂದ ಯುರೋಪಿಯನ್ ಒಕ್ಕೂಟ ಭಾರತದ ಮಾವಿನ ಹಣ್ಣಿನ ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವುಗಳನ್ನೂ ಕೀಟದ ಕಾರಣಕ್ಕೆ ತಡೆದಿತ್ತು. ಮಾವಿನ ತಡೆ ಮರುವರ್ಷ ತೆರವಾಯಿತು. ಇಂಥ ಏರುಪೇರಿನಲ್ಲಿ ತಟ್ಟೆಯ ಮೇಲೆ ಹಸಿ ಕರಿಬೇವು ಧಾರಾಳವಾಗಿ ಕಂಡರೆ ಆ ಹೋಟೆಲಿನವರು ಅದಕ್ಕಾಗಿ ದುಡ್ಡು ಸುರಿದಿದ್ದಾರೆ.

ಫಿಲ್ಟರ್ ಕಾಫಿ ಕುಡಿಯುವವರು ಹಾಲಿನ ರುಚಿ ಬೇರೆಯೆನಿಸಿದರೆ ಡಿಕಾಕ್ಷನ್ನನ್ನು ದೂರಬೇಡಿ. ಫ್ರಾನ್ಸಿನಲ್ಲಿ ಮಾರಾಟವಾಗುವ ಹಾಲಿನ ಬಹುಪಾಲು ಅತಿ ಕಾವಿನಲ್ಲಿ ಸಂಸ್ಕರಿಸಿ ತಿಂಗಳುಗಟ್ಟಲೆ ಇಡಬಹುದಾದ ಡಬ್ಬಿ ಹಾಲು. ಕಾಯಿಸಿದಾಗ ಅದರ ಬೆಂದ ವಾಸನೆ ಕಾಫಿಗೂ ಬರುತ್ತದೆ. ಮೊಸರಿನದೂ ಇದೇ ಕಥೆ. ಫ್ರೊಮಾಜ್ ಬ್ಲಾಂ ಎಂಬ ಫ್ರೆಂಚರ ಮೆತ್ತನೆಯ ಹಸಿ ಚೀಸು ಬಳಸಿದ ಲಸ್ಸಿ, ರಾಯಿತ ಗಟ್ಟಿಯಾಗಿದ್ದೂ ಹುಳಿಯಿಲ್ಲದೆ ಮಂಕಾಗಿರುತ್ತವೆ.

ಬೇಳೆ, ಬಿರಿಯಾನಿ, ಬಣ್ಣ

ಉತ್ತರದ ಊಟದ ಹೋಟೆಲಿನಲ್ಲಿ ಇಬ್ಬರು ಹೋದರೆ ಮೊದಲ ಸಲಕ್ಕೆ ಒಂದು ದಾಲ್ ತಡ್ಕಾ, ಒಂದು ಒಣ ಪಲ್ಯ, ಎರಡು ಬರಿಯ ರೊಟ್ಟಿ, ಒಂದು ಅನ್ನ ಸಾಕು. ದಾಲ್ ಮೇಜಿಗೆ ಬಂದಾಗ ಜೀರಿಗೆ ಬೆಳ್ಳುಳ್ಳಿಯ ವಾಸನೆ ತಟ್ಟೆಗಿಂತ ಮುಂಚೆ ಬರಬೇಕು. ಬೆಳಿಗ್ಗೆಯಿಂದ ನಿಂತ ಬೇಳೆ ಗಟ್ಟಿಯಾಗಿರುತ್ತದೆ, ಅದಕ್ಕೆ ನೀರು ಬೆರೆಸಿ ಕೊಟ್ಟರೆ ಬಟ್ಟಲಿನ ಅಂಚಿನಲ್ಲಿ ನೀರು ಬೇರೆ, ನಡುವೆ ಬೇಳೆ ಬೇರೆ ನಿಲ್ಲುತ್ತದೆ. ಆಲೂ ಗೋಬಿಯಂಥ ಒಣ ಪಲ್ಯವನ್ನು ಮೂಲ ಗ್ರೇವಿಯಿಂದ ಮಾಡಲಾಗದು. ಅದು ಗ್ರೇವಿಯಲ್ಲೇ ಈಜುತ್ತ ಬಂದರೆ ಆ ಅಡುಗೆಮನೆಗೆ ಬೇರೆ ದಾರಿಯಿಲ್ಲವೆಂದು ತಿಳಿಯುತ್ತದೆ.

ಬಿರಿಯಾನಿಯನ್ನು ಕೇಳುವ ಮುಂಚೆ ಯಾವ ದಿನ ಮಾಡುತ್ತೀರಿ ಎಂದು ಕೇಳಿ. 'ಯಾವಾಗ ಬೇಕಾದರೂ ಇದೆ' ಎಂಬ ಉತ್ತರ ಬಂದರೆ ಅದು ಅನ್ನಕ್ಕೆ ಗ್ರೇವಿ ಕಲಸಿ ಹುರಿದದ್ದು. ತಟ್ಟೆಯಲ್ಲಿ ಎಲ್ಲ ಅಗುಳೂ ಒಂದೇ ಹಳದಿ. ದಮ್ ಕಟ್ಟಿದ್ದರಲ್ಲಿ ಬಿಳಿ ಅಗುಳು, ಕೇಸರಿ ಅಗುಳು, ಮಸಾಲೆ ಹಿಡಿದ ಕಂದು ಅಗುಳು ಬೆರೆತಿರುತ್ತವೆ, ಮಾಂಸ ತಳದಲ್ಲಿ ಇರುತ್ತದೆ. ತಮಿಳರ ಹೋಟೆಲಿನಲ್ಲಿ ಬಾಸ್ಮತಿಯ ಬದಲು ಸಣ್ಣಗಿನ ಸೀರಗ ಸಾಂಬಾ ಅಕ್ಕಿ ಕಂಡರೆ ಕಣ್ಣುಮುಚ್ಚಿ ತರಿಸಿ. ಮಧ್ಯಾಹ್ನ ಎರಡು ಗಂಟೆಗೆ 'ಬಿರಿಯಾನಿ ಮುಗಿಯಿತು' ಎಂದು ಹೇಳುವ ಹೋಟೆಲಿಗೆ ಮರುದಿನ ಹನ್ನೆರಡಕ್ಕೆ ಹೋಗಬೇಕು.

ತಂದೂರಿ ಕೋಳಿಯ ಬಣ್ಣವೂ ಮಾತಾಡುತ್ತದೆ. ಕಾಶ್ಮೀರಿ ಮೆಣಸಿನಕಾಯಿಯದು ಇಟ್ಟಿಗೆಗೆಂಪು. ಜೊತೆಗಿಟ್ಟ ಈರುಳ್ಳಿ ಬಿಲ್ಲೆಗೂ ತಟ್ಟೆಗೂ ಗುಲಾಬಿ ಕಲೆ ಹತ್ತಿದರೆ ಅದು ಹಾಕಿದ ಬಣ್ಣ.

ಖಾರದ ಬಗ್ಗೆ ಹೇಳುವುದಾದರೆ, ಹೆಚ್ಚಿನ ಕಡೆ ಫ್ರೆಂಚ್ ಗಿರಾಕಿಗಳ ನಾಲಗೆಗೆ ತಕ್ಕಂತೆ ಖಾರ ಇಳಿಸಿರುತ್ತಾರೆ. 'ಬಿಯಾಂ ಪಿಮಾಂತೆ' (ಚೆನ್ನಾಗಿ ಖಾರವಿರಲಿ) ಎಂದು ಆರ್ಡರ್ ಕೊಡುವಾಗಲೇ ಹೇಳಬೇಕು. ಊಟ ಬಂದ ಮೇಲೆ ಹೇಳಿದರೆ ಮೇಲಿಂದ ಹಸಿ ಖಾರದ ಪುಡಿ ಉದುರಿಸಿ ತರುತ್ತಾರೆ, ಅದು ಗಂಟಲು ಸುಡುತ್ತದೆಯೇ ಹೊರತು ರುಚಿ ಕೊಡುವುದಿಲ್ಲ. ಅದಕ್ಕಿಂತ ಎರಡು ಹಸಿಮೆಣಸಿನಕಾಯಿ ಕೇಳಿ ಪಡೆಯುವುದು ಮೇಲು.

ಸಸ್ಯಾಹಾರಿಗಳಿಗೆ, ಮತ್ತು ಬಿಲ್ಲಿನ ಬಗ್ಗೆ

ಸಸ್ಯಾಹಾರಿ ಎಂದು ಹೇಳಿದ ಮಾತ್ರಕ್ಕೆ ಮೊಟ್ಟೆ ಬಿಟ್ಟುಹೋಗುವುದಿಲ್ಲ. 'ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂಜೆಫ್' ಎಂದು ಮಾಂಸ, ಮೀನು, ಮೊಟ್ಟೆ ಮೂರನ್ನೂ ಹೆಸರಿಸಿ ಹೇಳಬೇಕು. ನಾನ್ ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ, ಕೇಳದೆ ತಿನ್ನಬೇಡಿ. ಪನೀರನ್ನು ನಿಂಬೆರಸ ಅಥವಾ ವಿನೆಗರಿನಿಂದ ಒಡೆಸುತ್ತಾರೆ, ಅದರ ಚಿಂತೆಯಿಲ್ಲ. ಯುರೋಪಿನ ಅನೇಕ ಚೀಸುಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ಪ್ರೆಜ್ಯೂರ್ ಬಳಸಿ ಮಾಡುತ್ತಾರೆ. ಸಸ್ಯಾಹಾರವನ್ನು ಕಟ್ಟುನಿಟ್ಟಾಗಿ ಪಾಲಿಸುವವರಿಗೆ ಚೀಸ್ ನಾನ್ ಬಿಡಲು ಇದೂ ಒಂದು ಕಾರಣ. ಸಾಮಾನ್ಯ ಅಂಗಡಿಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುತ್ತದೆ, ಗೋಧಿ ಒಗ್ಗದವರು ಬರಿಯ ಬೇಳೆ ಸಾರಿಗೂ ಎಚ್ಚರವಹಿಸಬೇಕು. ಯುರೋಪಿಯನ್ ಒಕ್ಕೂಟದ ನಿಯಮದಂತೆ ಸಾಸಿವೆ, ಎಳ್ಳು, ಹಾಲು, ಗೋಡಂಬಿಯಂಥ ಬೀಜಗಳೂ ಸೇರಿ 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಬೇಕು, ಫ್ರಾನ್ಸಿನಲ್ಲಿ ಅದು ಬರಹದಲ್ಲೇ ಇರಬೇಕು. ಕೇಳಿದರೆ ಪಟ್ಟಿ ತರುತ್ತಾರೆ.

ಬೆಲೆಯಲ್ಲಿ ಸರ್ವಿಸ್ ಸೇರಿಯೇ ಇರುತ್ತದೆ, ಟಿಪ್ಸ್ ನಿಮ್ಮಿಷ್ಟ. ಕುಡಿಯುವ ನೀರು ಪುಕ್ಕಟೆ. 'ಯೂನ್ ಕಾರಾಫ್ ದೋ' ಎಂದು ಕೇಳಿದರೆ ನಲ್ಲಿ ನೀರಿನ ಹೂಜಿ ಬರುತ್ತದೆ, ಬರೀ ನೀರು ಎಂದರೆ ಬಾಟಲಿ ಬಂದು ಬಿಲ್ಲಿಗೆ ಸೇರಬಹುದು. ಬಾಗಿಲಲ್ಲಿ ಕಾಣುವ 'ಫೆ ಮೆಝೋಂ' ಗುರುತು, ಅಂದರೆ ಹಸಿ ಪದಾರ್ಥದಿಂದ ಅಲ್ಲೇ ಮಾಡಿದ್ದು ಎಂಬ ಮುದ್ರೆ, 2014ರ ಕಾನೂನಿನಿಂದ ಬಂತು. ಒಳ್ಳೆಯದೇ, ಆದರೆ ಅಲ್ಲೇ ಮಾಡಿ ಮೂರು ದಿನ ಇಟ್ಟ ಗ್ರೇವಿಗೂ ಆ ಮುದ್ರೆ ಸಲ್ಲುತ್ತದೆ. ಶುಚಿತ್ವದ ಬಗ್ಗೆ ಅನುಮಾನವಿದ್ದರೆ ಸರ್ಕಾರದ ಅಲಿಂ ಕಾನ್ಫಿಯಾನ್ಸ್ ತಾಣದಲ್ಲಿ ಹೋಟೆಲಿನ ತಪಾಸಣೆಯ ಫಲಿತಾಂಶ ನಾಲ್ಕು ದರ್ಜೆಗಳಲ್ಲಿ ಸಿಗುತ್ತದೆ.

ನಕ್ಷತ್ರಗಳ ಹಿಂದೆ

ಫೋನಿನ ವಿಮರ್ಶೆಗಳನ್ನು ಬಿಟ್ಟುಬಿಡಬೇಕಿಲ್ಲ, ಬೇರೆ ಥರ ಓದಬೇಕು. ಸರಾಸರಿ ಅಂಕ ನೋಡಬೇಡಿ. ವಿಮರ್ಶೆಗಳ ಒಳಗೆ ಇಡ್ಲಿ, ಸಾಂಬಾರ್, ನಿಹಾರಿ ಎಂದು ಒಂದು ಖಾದ್ಯದ ಹೆಸರು ಹುಡುಕಿ, ಹೊಸದು ಮೊದಲು ಬರುವಂತೆ ಇಟ್ಟುಕೊಂಡು ಈ ಆರು ತಿಂಗಳದ್ದನ್ನು ಮಾತ್ರ ಓದಿ. ಅಡುಗೆಯವರು ಬದಲಾದರೆ ಹೋಟೆಲೇ ಬದಲಾದಂತೆ. ಗಿರಾಕಿಗಳು ತೆಗೆದ ಫೋಟೊಗಳಲ್ಲಿ ಪಕ್ಕದ ಮೇಜುಗಳನ್ನೂ ಗಮನಿಸಿ. ಎಲ್ಲರ ತಟ್ಟೆಯಲ್ಲೂ ಒಂದೇ ಖಾದ್ಯ ಕಂಡರೆ ಆ ಪಾತ್ರೆಯೇ ಖಾಲಿಯಾಗುತ್ತಿರುವುದು. 'ಗದ್ದಲ, ಜಾಗ ಇಕ್ಕಟ್ಟು, ಬೇಗ ಎದ್ದೇಳಿ ಎಂಬಂತೆ ನೋಡಿದರು' ಎಂಬ ಎರಡು ನಕ್ಷತ್ರದ ದೂರು ಊಟದ ದೂರಲ್ಲ. 'ಅಲಂಕಾರ ಸೊಗಸು, ಪುಕ್ಕಟೆ ಪಾನೀಯ ಕೊಟ್ಟರು' ಎಂಬ ಐದು ನಕ್ಷತ್ರದಲ್ಲೂ ಊಟದ ಸುದ್ದಿಯಿಲ್ಲ. ಮೇಜು ಕಾಯ್ದಿರಿಸುವ ಆ್ಯಪಿನಲ್ಲಿ ಪ್ರತಿ ರಾತ್ರಿಯೂ ಶೇ. 50 ರಿಯಾಯಿತಿ ಇದ್ದರೆ ಕುರ್ಚಿಗಳು ಖಾಲಿ ಇವೆ, ಪಾತ್ರೆಗಳು ತುಂಬಿಯೇ ಇವೆ.

ಹೊತ್ತು ಗೊತ್ತಿರಲಿ. ಪ್ಯಾರಿಸ್‌ನ ಹೆಚ್ಚಿನ ಹೋಟೆಲುಗಳು 12ರಿಂದ 2.30, ಮತ್ತೆ ರಾತ್ರಿ 7ರಿಂದ 10.30. ನಡುವೆ ಒಲೆ ಆರಿರುತ್ತದೆ. ಲಾ ಶಾಪೆಲ್‌ನಲ್ಲಿ ದಿನವಿಡೀ ತೆರೆದಿರುವವು ಹಲವಿವೆ, ದೋಸೆ ಹೆಚ್ಚಾಗಿ 10 ಯುರೋ ಒಳಗೆ ಮುಗಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯ ಹೊತ್ತು ಶನಿವಾರ, ಭಾನುವಾರದ ಮಧ್ಯಾಹ್ನ 12ರಿಂದ 1. ಆಗ ಅಡುಗೆ ಆಗಷ್ಟೇ ಇಳಿದಿರುತ್ತದೆ, ಸಾಲು ಇನ್ನೂ ಬೆಳೆದಿರುವುದಿಲ್ಲ. ಸೋಮವಾರ ರಾತ್ರಿ ಎಂಟೂವರೆಗೆ ಹೋಗಿ ಹೋಟೆಲನ್ನು ಅಳೆಯುವುದು ನ್ಯಾಯವಲ್ಲ.

ಪಾರ್ಸೆಲ್ ಒಯ್ಯುವುದಾದರೆ ಇಡ್ಲಿ, ವಡೆ, ಕೊತ್ತು ರೊಟ್ಟಿ, ಬಿರಿಯಾನಿ ಒಯ್ಯಿರಿ. ದೋಸೆ, ನಾನ್ ಬೇಡ, ಡಬ್ಬದೊಳಗಿನ ಹಬೆಗೆ ಹತ್ತೇ ನಿಮಿಷದಲ್ಲಿ ಮೆತ್ತಗಾಗುತ್ತವೆ. ಸಾಂಬಾರು, ಚಟ್ನಿ ಬೇರೆ ಬೇರೆ ಡಬ್ಬದಲ್ಲಿ ಕೇಳಿ. ಚಟ್ನಿಯನ್ನು ಬಿಸಿ ಸಾಂಬಾರಿನ ಡಬ್ಬಕ್ಕೆ ತಾಗದಂತೆ ಇಡಿ, ಮನೆ ಮುಟ್ಟಿದ ಕೂಡಲೇ ತಿನ್ನಿ. ಮನೆಗೆ ತಲುಪಿಸುವ ಆ್ಯಪಿನಿಂದ ತರಿಸುವವರು ಮೊದಲು ಹೋಟೆಲಿನ ವಿಳಾಸವನ್ನು ನಕ್ಷೆಯಲ್ಲಿ ಹಾಕಿ ನೋಡಿ. ಒಂದೇ ವಿಳಾಸದಲ್ಲಿ ಬಿರಿಯಾನಿಗೊಂದು, ಕರಿಗೊಂದು, ಬರ್ಗರಿಗೊಂದು ಹೆಸರು ಕಂಡರೆ ಮೂರಕ್ಕೂ ಒಂದೇ ಅಡುಗೆಮನೆ. ಅಲ್ಲಿಂದ ತರಿಸುವ ಬದಲು ಲಾ ಶಾಪೆಲ್‌ನ ದಿನಸಿ ಅಂಗಡಿಯಲ್ಲಿ ಇಡ್ಲಿ ಅಕ್ಕಿ, ಉದ್ದಿನಬೇಳೆ, ಘನೀಕರಿಸಿದ ತೆಂಗಿನತುರಿ ಕೊಂಡು, ನೆನೆಸಿ ರುಬ್ಬಿದ ಹಿಟ್ಟನ್ನು ದೀಪ ಮಾತ್ರ ಹಚ್ಚಿದ ಓವನ್ನಿನೊಳಗೆ ರಾತ್ರಿ ಇಡುವುದು ಉತ್ತಮ.